ಅನುಕರಣವೂ ಅನೃತವೂ

ಒಂದು ವಸ್ತುವನ್ನು ಮತ್ತೊಂದರಂತೆ ಕಾಣಿಸುವುದು ಸುಳ್ಳೆ ಎಂಬುದು ಹಳೆಯ ಪ್ರಶ್ನೆ. ಹಿತ್ತಾಳೆಗೆ ಚಿನ್ನದ ಗಿಲೀಟು ಹಾಕಿ ಸಂತೆಯಲ್ಲಿ ಮಾರುವವನನ್ನು ಲೋಕವು ಮೋಸಗಾರನೆನ್ನುತ್ತದೆ. ಹಗುರವಾದ ಮರಕ್ಕೆ ಬೇಗಡೆಯಂಟಿಸಿ ಕಿರೀಟಮಾಡಿ, ಅದನ್ನು ತೊಟ್ಟು ರಾತ್ರಿಯೆಲ್ಲ ಕೌರವನಾಗಿ ಕುಣಿಯುವವನನ್ನು ಅದೇ ಲೋಕವು ಕಲಾವಿದನೆಂದು ಮನ್ನಿಸುತ್ತದೆ. ಹೊರನೋಟಕ್ಕೆ ಇಬ್ಬರ ಕೆಲಸವೂ ಒಂದೇ. ಭೇದವೆಲ್ಲಿದೆಯೆಂದು ಕೇಳಿದರೆ, ಒಬ್ಬನು ನೋಡುವವನನ್ನು ವಂಚಿಸಿದನು, ಇನ್ನೊಬ್ಬನು ವಂಚಿಸಲಿಲ್ಲವೆಂಬ ಉತ್ತರವು ಕೂಡಲೆ ಬರುತ್ತದೆ. ಉತ್ತರವು ಸರಿಯಾದುದೇ, ಆದರೆ ಪೂರ್ತಿಯಾದುದಲ್ಲ. ಯಾರನ್ನೂ ವಂಚಿಸದ ಅನುಕರಣದಲ್ಲಿಯೂ ಸತ್ಯಾಸತ್ಯಗಳ ವಿವೇಚನೆಗೆ ಎಡೆಯುಂಟು; ಅಲ್ಲಿ ಆ ವಿವೇಚನೆಯು ಇನ್ನೂ ಸೂಕ್ಷ್ಮವಾಗುತ್ತದೆ. ಇದನ್ನು ತೋರಿಸುವುದಕ್ಕೆ ದೊಡ್ಡ ಕಲೆಗಳನ್ನು ಹುಡುಕಬೇಕಾಗಿಲ್ಲ. ಹಲವರು ಹುಡುಗಾಟವೆಂದು ತಳ್ಳಿಬಿಡುವ ಒಂದು ಚಿಕ್ಕ ಕೈಗೆಲಸವೇ ಸಾಕು.

ಆ ಕೈಗೆಲಸವು ಜೆಟ್ ವಿಮಾನಗಳ ಕಿರುಮಾದರಿಗಳಿಗೆ ಲೋಹದ ಮೈಯನ್ನು ಬಣ್ಣದಿಂದ ತರುವುದು. ಅಮೆರಿಕದ ಎಫ್-೮೬ ಸೇಬರ್ ಎಂಬ ಯುದ್ಧವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ೧೯೪೭ನೆಯ ಇಸವಿ ಅಕ್ಟೋಬರ್ ೧ರಂದು ಮೊದಲು ಹಾರಿತು. ೧೯೫೦ರ ಕೊನೆಯಿಂದ ಕೊರಿಯದ ಆಕಾಶದಲ್ಲಿ ರಷ್ಯದ ಮಿಗ್-೧೫ ವಿಮಾನಗಳೊಡನೆ ಸೆಣಸಿತು. ಅದರ ಉದ್ದವು ಸುಮಾರು ೩೭ ಅಡಿ. ಎಪ್ಪತ್ತೆರಡರಲ್ಲೊಂದು ಪಾಲಿನ ಅಳತೆಯಲ್ಲಿ ಮಾಡಿದ ಮಾದರಿಯು ಸುಮಾರು ಆರು ಅಂಗುಲವಾಗುತ್ತದೆ, ಅಂಗೈಮೇಲೆ ನಿಲ್ಲುತ್ತದೆ. ಮೂಲದ ಮೈಯು ಬಣ್ಣವಿಲ್ಲದ ಅಲ್ಯುಮಿನಿಯಮ್ ತಗಡು. ಮಾದರಿಯ ಮೈಯು ಬೂದುಬಣ್ಣದ ಪ್ಲಾಸ್ಟಿಕ್. ಈ ಪ್ಲಾಸ್ಟಿಕ್ಕನ್ನು ತಗಡಾಗಿ ಕಾಣಿಸಬೇಕು. ಹಸುರು ಕಂದುಗಳನ್ನು ಬಳಿದುಕೊಂಡ ವಿಮಾನದ ಮಾದರಿಗಿಂತ ಇದು ಹತ್ತುಮಡಿ ಕಷ್ಟವೆಂದು ಆ ಕೆಲಸದಲ್ಲಿ ಪಳಗಿದವರೆಲ್ಲರೂ ಬಲ್ಲರು.

ಕಷ್ಟವು ಬಣ್ಣ ಬಳಿಯುವುದಕ್ಕೆ ಮುಂಚೆಯೇ ಆರಂಭವಾಗುತ್ತದೆ. ಸಾಮಾನ್ಯ ಬಣ್ಣವು ಕೆಳಗಿನ ಕುಂದನ್ನು ಮುಚ್ಚುತ್ತದೆ. ಲೋಹದ ಬಣ್ಣವು ಅದನ್ನು ಎತ್ತಿ ತೋರಿಸುತ್ತದೆ. ಎರಡು ಭಾಗಗಳನ್ನು ಅಂಟಿಸಿದ ಗೆರೆ, ಉಜ್ಜಿದಾಗ ಬಿದ್ದ ಗೀರು, ಬೆರಳಿನ ಜಿಡ್ಡು, ಗಾಳಿಯಲ್ಲಿ ಬಂದು ಕುಳಿತ ಒಂದು ಧೂಳಿನ ಕಣ—ಎಲ್ಲವೂ ಹೊಳಪಿನ ಕೆಳಗಿನಿಂದ ಎದ್ದುಬರುತ್ತವೆ. ಆದುದರಿಂದ ಮೈಯನ್ನು ಮೊದಲು ಒರಟು ಉಪ್ಪುಕಾಗದದಿಂದ, ಆಮೇಲೆ ಒಂದಕ್ಕಿಂತ ಒಂದು ನಯವಾದ ಕಾಗದಗಳಿಂದ, ನೀರು ಹಚ್ಚಿಕೊಂಡು ಗಂಟೆಗಟ್ಟಲೆ ಉಜ್ಜಬೇಕು. ಅದರ ಮೇಲೆ ಕನ್ನಡಿಯಂತೆ ಮಿರುಗುವ ಕಪ್ಪು ಬಣ್ಣದ ಒಂದು ಪದರವನ್ನು ಕೊಟ್ಟು ಪೂರ್ತಿ ಒಣಗಲು ಬಿಡಬೇಕು. ಬೆಳ್ಳಿಯ ಹೊಳಪಿಗೆ ಕಪ್ಪು ತಳವೇಕೆಂದು ಕೇಳುವವರು ಬೀದರಿನ ಕುಶಲಿಗರ ಕೆಲಸವನ್ನು ನೆನೆಯಬಹುದು. ಅಲ್ಲಿ ಬೆಳ್ಳಿಯನ್ನು ಮೊದಲು ಕೂಡಿಸಿ, ಕೋಟೆಯ ಮಣ್ಣನ್ನು ಬೆರಸಿದ ದ್ರಾವಣದಿಂದ ಸುತ್ತಲಿನ ಲೋಹವನ್ನು ಆಮೇಲೆ ಕಪ್ಪಾಗಿಸುತ್ತಾರೆ. ಇಲ್ಲಿ ಕ್ರಮವು ತಲೆಕೆಳಗು. ಕಪ್ಪಿನ ನೆರವಿಲ್ಲದೆ ಬೆಳ್ಳಿಯು ಬೆಳಗದೆಂಬ ತಿಳಿವಳಿಕೆಯು ಎರಡು ಕಡೆಯೂ ಒಂದೇ. ಕಪ್ಪಿನ ಮೇಲೆ ಲೋಹದ ಬಣ್ಣವನ್ನು ಗಾಳಿಯಿಂದ ಚಿಮುಕಿಸುವ ಏರ್‌ಬ್ರಷ್ಷಿನಿಂದ, ಮಂಜಿನಷ್ಟು ತೆಳ್ಳಗೆ, ಹಲವು ಸಲ ಕೊಡುತ್ತಾರೆ. ಒಂದು ಸಲ ಹೆಚ್ಚಾದರೆ ಕಪ್ಪು ಪೂರ್ತಿಯಾಗಿ ಮುಚ್ಚಿಹೋಗಿ, ಲೋಹವಿರಬೇಕಾದಲ್ಲಿ ಬರಿಯ ಬೂದುಬಣ್ಣವು ಉಳಿಯುತ್ತದೆ.

ಇಷ್ಟು ಶ್ರಮವನ್ನು ಕಂಡು ಮನೆಯ ಹಿರಿಯರು ಆಕ್ಷೇಪಿಸುವುದುಂಟು. ಅವರ ಆಕ್ಷೇಪಣೆಯು ಹೊತ್ತು ಹಾಳಾಯಿತೆಂಬುದಷ್ಟೇ ಆಗಿದ್ದರೆ ಅದಕ್ಕೆ ಉತ್ತರ ಹೇಳಬೇಕಾದುದಿಲ್ಲ; ಹೊತ್ತನ್ನು ಹಾಳುಮಾಡುವ ಬೇರೆ ದಾರಿಗಳು ಎಲ್ಲ ಮನೆಗಳಲ್ಲಿಯೂ ಇವೆ. ಆದರೆ ಅದರೊಳಗೆ ಇನ್ನೊಂದು ಆಕ್ಷೇಪಣೆಯು ಅಡಗಿದೆ: ಆ ವಸ್ತುವು ಯಾವುದಲ್ಲವೋ ಅದರಂತೆ ತೋರುವ ಹಾಗೆ ಮಾಡುವುದರಲ್ಲಿ ಇಷ್ಟು ನಿಷ್ಠೆಯೆ? ಗ್ರೀಸಿನ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಎತ್ತಿದ ಆಕ್ಷೇಪಣೆಯೂ ಇದೇ ಜಾತಿಯದು. ಮಂಚದ ತತ್ತ್ವವೊಂದು, ಬಡಗಿಯು ಮಾಡಿದ ಮಂಚವೊಂದು, ಚಿತ್ರಗಾರನು ಬರೆದ ಮಂಚವೊಂದು. ಚಿತ್ರವು ಸತ್ಯದಿಂದ ಮೂರನೆಯ ಮೆಟ್ಟಿಲಿನಲ್ಲಿ ನಿಂತಿದೆ. ಅಲ್ಲಿಯೇ ಅವನು, ಕನ್ನಡಿಯೊಂದನ್ನು ಕೈಯಲ್ಲಿ ಹಿಡಿದು ಸುತ್ತಲೂ ತಿರುಗಿಸುವವನು ಸೂರ್ಯನನ್ನೂ ಭೂಮಿಯನ್ನೂ ಗಿಡಮರಗಳನ್ನೂ ಕ್ಷಣದಲ್ಲಿ ‘ಸೃಷ್ಟಿಸಬಲ್ಲ’ನೆಂದು ನಗೆಯಾಡುತ್ತಾನೆ. ಮಾದರಿಯ ವಿಮಾನಕ್ಕೆ ಈ ಲೆಕ್ಕವನ್ನು ಹಾಕಿದರೆ ಅದು ಬಹಳ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಆದರೆ ಲೆಕ್ಕಹಾಕುವ ಮೊದಲು, ಮೂಲವೆಂದು ಹೇಳುವ ವಸ್ತುವಿನಲ್ಲಿ ಸತ್ಯವಾದ ಮೈಯು ಯಾವುದೆಂಬುದನ್ನು ಗೊತ್ತುಮಾಡಬೇಕು. ಇಲ್ಲಿ ವಿಷಯವು ಸ್ವಾರಸ್ಯವಾಗುತ್ತದೆ.

ಶುದ್ಧವಾದ ಅಲ್ಯುಮಿನಿಯಮ್ ಮೆತ್ತಗಿನ ಲೋಹ. ಅದರಿಂದ ಮಾಡಿದ ರೆಕ್ಕೆಯು ವೇಗದ ಭಾರವನ್ನು ತಾಳಲಾರದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತನು ಅದಕ್ಕೆ ನೂರಕ್ಕೆ ನಾಲ್ಕರಷ್ಟು ತಾಮ್ರವನ್ನೂ ಸ್ವಲ್ಪ ಬೇರೆ ಲೋಹಗಳನ್ನೂ ಸೇರಿಸಿ, ಕಾಸಿ, ತಣ್ಣಗೆ ಮಾಡಿ, ಕೆಲವು ದಿನ ಸುಮ್ಮನೆ ಇಟ್ಟರೆ ತಾನಾಗಿಯೇ ಗಟ್ಟಿಯಾಗುತ್ತದೆಂಬುದನ್ನು ಕಂಡುಹಿಡಿದನು. ಆದರೆ ತಾಮ್ರ ಸೇರಿದ ಈ ಮಿಶ್ರಲೋಹವು ಬಲವಾದಷ್ಟೂ ಬೇಗ ತುಕ್ಕಿಗೆ ಈಡಾಗುತ್ತದೆ. ಇದನ್ನು ತಡೆಯಲು ೧೯೨೦ರ ದಶಕದಲ್ಲಿ ಅಮೆರಿಕದಲ್ಲಿ ಮಿಶ್ರಲೋಹದ ಹಾಳೆಯ ಎರಡು ಮಗ್ಗುಲಿಗೂ ಶುದ್ಧ ಅಲ್ಯುಮಿನಿಯಮ್ಮಿನ ತೆಳುವಾದ ಪದರವನ್ನು ಒತ್ತಿ ಕೂಡಿಸುವ ಕ್ರಮವು ಬಂದಿತು. ಆ ಪದರವು ಪ್ರತಿ ಮಗ್ಗುಲಲ್ಲಿ ಹಾಳೆಯ ದಪ್ಪದ ನೂರರಲ್ಲಿ ಐದು ಪಾಲೋ ಅದಕ್ಕಿಂತ ಕಡಮೆಯೋ ಇರುತ್ತದೆ. ಇಂಥ ಹಾಳೆಗೆ ‘ಆಲ್‌ಕ್ಲಾಡ್’ ಎಂದು ಹೆಸರು. ಹೀಗೆ ಬೆಳ್ಳಿಯಂತೆ ಬೆಳಗುವ ವಿಮಾನದ ಮೈಯಲ್ಲಿ ಭಾರವನ್ನು ಹೊರುವ ಲೋಹವು ಬೇರೆ, ಹೊಳೆಯುವ ಲೋಹವು ಬೇರೆ. ಅಷ್ಟೇ ಅಲ್ಲ. ಶುದ್ಧ ಅಲ್ಯುಮಿನಿಯಮ್ಮಿಗೆ ಗಾಳಿ ಸೋಕಿದೊಡನೆ ಅದರ ಮೇಲೆ ಕಣ್ಣಿಗೆ ಕಾಣದ, ಪಾರದರ್ಶಕವಾದ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಲೋಹವನ್ನು ಕಾಪಾಡುವುದು ನಿಜವಾಗಿ ಆ ಪೊರೆಯೇ. ‘ಬೆತ್ತಲೆ ಲೋಹ’ವೆಂದು ಜನರು ಕರೆಯುವ ಮೈಯನ್ನು ಬೆತ್ತಲೆಯಾಗಿ ಕಂಡವರು ಯಾರೂ ಇಲ್ಲ.

ಇನ್ನು ಮಾದರಿಯ ಕಡೆಗೆ ತಿರುಗಿದರೆ ಅಲ್ಲಿ ಮತ್ತೊಂದು ವಿಚಿತ್ರ. ಲೋಹದ ಬಣ್ಣವೆಂದರೆ ಮೆರುಗೆಣ್ಣೆಯಲ್ಲಿ ತೇಲುವ ಅಲ್ಯುಮಿನಿಯಮ್ಮಿನ ಅತಿ ಸಣ್ಣ ಚಕ್ಕೆಗಳು. ಅವು ನಯವಾದ ತಳದ ಮೇಲೆ ಮಲಗಿಕೊಂಡು ಬೆಳಕನ್ನು ಹಿಂದಿರುಗಿಸುತ್ತವೆ. ಮಾದರಿಗಾರರಿಗೆ ಪ್ರಿಯವಾದ ಇಂಥ ಒಂದು ಬಣ್ಣವು ಆ ‘ಆಲ್‌ಕ್ಲಾಡ್’ ಎಂಬ ಹೆಸರನ್ನೇ ಇಟ್ಟುಕೊಂಡಿದೆ. ಅಂದಮೇಲೆ ಮೂಲದಲ್ಲಿಯೂ ಮಾದರಿಯಲ್ಲಿಯೂ ಹೊಳೆಯುವ ವಸ್ತುವು ಅಲ್ಯುಮಿನಿಯಮ್ಮೇ. ಎರಡರಲ್ಲಿಯೂ ಅದು ಒಳಗಿನ ಬೇರೊಂದು ದ್ರವ್ಯದ ಮೇಲಿನ ತೆಳು ಹೊದಿಕೆಯೇ. ಅನೃತವೆಂದು ತೋರಿಸುವುದಕ್ಕೆ ಬೆರಳಿಡಬೇಕಾದ ಜಾಗವು ಯಾವುದು?

ದ್ರವ್ಯದಲ್ಲಿಯೇ ಸತ್ಯವಿದೆಯೆಂದು ನಂಬಿದವರು ಮತ್ತೊಂದು ದಾರಿಯನ್ನು ಹಿಡಿಯುತ್ತಾರೆ. ಅವರು ಬಣ್ಣವನ್ನು ಬಿಟ್ಟು ಅಲ್ಯುಮಿನಿಯಮ್ಮಿನ ರೇಕನ್ನೇ, ಕೆಲವರು ಅಡಿಗೆಮನೆಯಲ್ಲಿ ತಿಂಡಿ ಸುತ್ತುವ ಹಾಳೆಯನ್ನೇ, ಅಂಟಿನಿಂದ ತುಂಡುತುಂಡಾಗಿ ಮಾದರಿಯ ಮೇಲೆ ಕೂಡಿಸಿ, ಮೊಂಡು ಕಡ್ಡಿಯಿಂದ ತಿಕ್ಕಿ, ಗೆರೆಗಳ ಗುಂಟ ಕೊಯ್ಯುತ್ತಾರೆ. ಇದಕ್ಕೆ ಬೇಕಾಗುವ ತಾಳ್ಮೆಯು ಕೊಂಡಾಡತಕ್ಕದ್ದು. ಲೋಹವನ್ನು ಲೋಹದಿಂದಲೇ ತೋರಿಸಿದ ಮೇಲೆ ಸುಳ್ಳೆಲ್ಲಿಯದು? ಆದರೆ ಫಲವನ್ನು ನೋಡಿದವರಲ್ಲಿ ಹಲವರಿಗೆ ಅದು ರೇಕು ಸುತ್ತಿದ ಆಟಿಕೆಯಂತೆ ಕಾಣುತ್ತದೆ. ಪಕ್ಕದಲ್ಲಿರುವ, ಬಣ್ಣ ಬಳಿದ ಪ್ಲಾಸ್ಟಿಕ್ಕು ವಿಮಾನದಂತೆ ಕಾಣುತ್ತದೆ. ಕಾರಣವನ್ನು ಹುಡುಕುವುದು ಕಷ್ಟವಲ್ಲ. ಮೂವತ್ತೇಳಡಿಯ ವಿಮಾನವನ್ನು ಯಾರೂ ಮೂಗಿನ ತುದಿಯಿಂದ ನೋಡುವುದಿಲ್ಲ. ಅಂಗೈಯಲ್ಲಿರುವ ಆರಂಗುಲದ ಮಾದರಿಯನ್ನು ಒಂದಡಿ ದೂರದಿಂದ ನೋಡುವವನು ನಿಜವಾದ ವಿಮಾನವನ್ನು ಎಪ್ಪತ್ತೆರಡು ಅಡಿ ದೂರದಿಂದ ನೋಡಿದಂತಾಯಿತು. ಅಷ್ಟು ದೂರದಲ್ಲಿ ತಗಡಿನ ತೀಕ್ಷ್ಣವಾದ ಮಿರುಗು ನಡುವಿನ ಗಾಳಿಯಿಂದಲೂ ಮೈಯ ಸಣ್ಣ ಸಣ್ಣ ತಗ್ಗುಗಳಿಂದಲೂ ಮೆತ್ತಗಾಗಿರುತ್ತದೆ. ಲೋಹವನ್ನು ಎಪ್ಪತ್ತೆರಡು ಪಾಲು ಚಿಕ್ಕದು ಮಾಡಬಹುದು. ಅದರ ಹೊಳಪನ್ನು ಹಾಗೆ ಚಿಕ್ಕದು ಮಾಡಲು ಬಾರದು. ತಗಡುಗಳ ಸಂದಿನ ವಿಷಯವೂ ಹೀಗೆಯೇ. ಅಂಗುಲದ ಹದಿನಾರನೆಯ ಒಂದು ಪಾಲಿನ ಸಂದು ಮಾದರಿಯಲ್ಲಿ ಅಂಗುಲದ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾಗುತ್ತದೆ. ತಲೆಗೂದಲಿನ ಅರ್ಧದಷ್ಟೂ ಇಲ್ಲ. ಅಳತೆಗೆ ಸರಿಯಾಗಿ ಮಾಡಿದರೆ ಅದು ಕಾಣದು. ಕಾಣುವ ಹಾಗೆ ಮಾಡಿದರೆ ಅಳತೆಯು ಸುಳ್ಳು. ಅಳತೆಗೋಲಿಗೂ ಕಣ್ಣಿಗೂ ಒಟ್ಟಿಗೆ ನಿಷ್ಠೆಯಿಂದಿರುವುದು ಸಾಧ್ಯವಿಲ್ಲ.

ಪ್ಲೇಟೋ ನಗೆಯಾಡಿದ ಕನ್ನಡಿಯು ಇಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಹೊಳೆಯುವ ಲೋಹಕ್ಕೆ ತನ್ನದೆಂಬ ಬಣ್ಣವು ಇಲ್ಲವೇ ಇಲ್ಲವೆನ್ನುವಷ್ಟು ಸ್ವಲ್ಪ. ಅದರ ಬೆನ್ನು ಆಕಾಶದ ನೀಲಿಯನ್ನು ಹೊತ್ತಿರುತ್ತದೆ. ಹೊಟ್ಟೆಯು ಕೆಳಗಿನ ನೆಲದ ಕಂದನ್ನು ಹೊತ್ತಿರುತ್ತದೆ. ಮೋಡ ಸರಿದರೆ ರೆಕ್ಕೆಯ ಬಣ್ಣವು ಸರಿಯುತ್ತದೆ. ಮೇಜಿನ ಮೇಲಿರುವ ಮಾದರಿಯಾದರೋ ಕೋಣೆಯ ಕಿಟಕಿಯನ್ನೂ ದೀಪವನ್ನೂ ನೋಡುವವನ ಅಂಗಿಯನ್ನೂ ಹಿಂದಿರುಗಿಸುತ್ತದೆ. ಕನ್ನಡಿಯನ್ನು ಅನುಕರಿಸಬಹುದು, ಕನ್ನಡಿಯಲ್ಲಿದ್ದ ಆಕಾಶವನ್ನು ಅನುಕರಿಸುವುದು ಹೇಗೆ? ಕೆಲವರು ಛಾಯಾಚಿತ್ರವನ್ನು ಮುಂದಿಟ್ಟುಕೊಂಡು, ಅದರಲ್ಲಿ ಯಾವ ತಗಡು ಕಪ್ಪಗಿದೆಯೋ ಅದನ್ನು ಕಪ್ಪಾಗಿ, ಬೆಳ್ಳಗಿರುವುದನ್ನು ಬೆಳ್ಳಗೆ ಬಳಿಯುತ್ತಾರೆ. ಇದು ತಪ್ಪು. ಛಾಯಾಚಿತ್ರದಲ್ಲಿ ಕಪ್ಪಗೆ ಕಂಡದ್ದು ಹಲವು ವೇಳೆ ತಗಡಿನ ಗುಣವಲ್ಲ; ಆ ಗಳಿಗೆಯಲ್ಲಿ ಅದರೆದುರಿಗಿದ್ದ ನೆರಳು. ಬಾಗಿದ ಒಂದೇ ತಗಡು ಒಂದು ಕಡೆಯಿಂದ ಹಾಲಿನಂತೆಯೂ ಮತ್ತೊಂದು ಕಡೆಯಿಂದ ಇದ್ದಲಿನಂತೆಯೂ ಕಾಣುತ್ತದೆ. ನೆರಳನ್ನು ಬಣ್ಣವಾಗಿ ಬಳಿದುಬಿಟ್ಟರೆ, ಮಾದರಿಯನ್ನು ಹೇಗೆ ತಿರುಗಿಸಿದರೂ ಆ ನೆರಳು ಅಲ್ಲಿಯೇ ಅಂಟಿಕೊಂಡಿರುತ್ತದೆ. ಕಣ್ಣಾರೆ ಕಂಡುದನ್ನೇ ಬಳಿದೆನೆಂಬ ಪ್ರಾಮಾಣಿಕತೆಯಿಂದಲೇ ಇಲ್ಲಿ ಸುಳ್ಳು ಹುಟ್ಟಿತು.

ಹೀಗಿರುವಲ್ಲಿ ಈ ಅನುಕರಣವನ್ನು ನೋಡುವವನ ಮನಸ್ಸಿನಲ್ಲಿ ಉಂಟಾಗುವ ಜ್ಞಾನವು ಎಂಥದು? ವೇದಾಂತಿಗಳ ಪ್ರಸಿದ್ಧವಾದ ದೃಷ್ಟಾಂತವು ಕೂಡಲೆ ನೆನಪಿಗೆ ಬರುತ್ತದೆ: ದಾರಿಯಲ್ಲಿ ಬಿದ್ದ ಚಿಪ್ಪಿನ ಹೊಳಪನ್ನು ಕಂಡು ಬೆಳ್ಳಿಯೆಂದು ಭ್ರಮಿಸುವ ಶುಕ್ತಿರಜತನ್ಯಾಯ. ಆದರೆ ಅದು ಇಲ್ಲಿ ಹೊಂದುವುದಿಲ್ಲ. ಚಿಪ್ಪನ್ನು ಕಂಡವನು ಬಗ್ಗಿ ಎತ್ತಿಕೊಳ್ಳಹೋಗುತ್ತಾನೆ; ಆರಂಗುಲದ ಸೇಬರನ್ನು ಕಂಡವನು ಹತ್ತಿ ಕುಳಿತುಕೊಳ್ಳಹೋಗುವುದಿಲ್ಲ. ಇದಕ್ಕೆ ಹತ್ತಿರವಾದುದು ಕಾಶ್ಮೀರದ ಶ್ರೀಶಂಕುಕನು ನಾಟ್ಯದ ವಿಷಯದಲ್ಲಿ ಹೇಳಿದ ಚಿತ್ರತುರಗನ್ಯಾಯ. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಆ ಜ್ಞಾನವು ಯಥಾರ್ಥವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯ ಅರಿವೂ ಅಲ್ಲ, ಇವೆಲ್ಲಕ್ಕಿಂತ ಬೇರೆಯಾದುದು. ಅಭಿನವಗುಪ್ತನ ಗುರುವಾದ ಭಟ್ಟತೌತನು ಈ ಅನುಕರಣವಾದವನ್ನು ಖಂಡಿಸಿದನೆಂಬುದು ಅಲಂಕಾರಶಾಸ್ತ್ರವನ್ನು ಓದಿದವರಿಗೆ ತಿಳಿದದ್ದೇ. ರಾಮನನ್ನು ಕಂಡವರಾರು? ಕಾಣದವನನ್ನು ಅನುಕರಿಸುವುದೆಂತು? ಎಂಬುದು ಅವನ ಪ್ರಶ್ನೆಗಳಲ್ಲೊಂದು. ವಿಮಾನದ ವಿಷಯದಲ್ಲಿ ಈ ಪ್ರಶ್ನೆಗೆ ಬಲವಿಲ್ಲವೆಂದು ಮೊದಲು ತೋರಬಹುದು. ಸೇಬರುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆ. ಆದರೆ ಮಾದರಿಗಾರನಿಗೆ ಬೇಕಾದುದು ಸಂಗ್ರಹಾಲಯದಲ್ಲಿ ತೊಳೆದು ನಿಲ್ಲಿಸಿದ ಸೇಬರಲ್ಲ. ೧೯೫೧ರ ಯಾವುದೋ ಒಂದು ಬೆಳಗ್ಗೆ, ಕೊರಿಯದ ಧೂಳಿನ ನಿಲ್ದಾಣದಲ್ಲಿ, ಹಿಂದಿನ ದಿನ ಬದಲಾಯಿಸಿದ ಒಂದು ತಗಡು ಉಳಿದವುಗಳಿಗಿಂತ ಬೆಳ್ಳಗೆ ಮಿಂಚುತ್ತ ನಿಂತಿದ್ದ ಸೇಬರು ಅವನಿಗೆ ಬೇಕು. ಅದನ್ನು ಅವನು ಕಂಡಿಲ್ಲ. ಅದನ್ನು ಊಹಿಸಿ ಮಾಡಬೇಕಾಗಿದೆ. ಊಹೆಯು ಬಂದಲ್ಲಿ ಧರ್ಮಾಧರ್ಮಗಳೂ ಬರುತ್ತವೆ.

ಎಫ್-೧೦೦ ಎಂಬ ವಿಮಾನದ ಬಾಲವು ಇದಕ್ಕೆ ಒಳ್ಳೆಯ ಪರೀಕ್ಷೆ. ಸೇಬರಿನ ತರುವಾಯ ಅದೇ ಕಂಪನಿಯು ಕಟ್ಟಿದ ಈ ವಿಮಾನವು ೧೯೫೩ನೆಯ ಮೇ ೨೫ರಂದು ಮೊದಲು ಹಾರಿತು. ಎಂಜಿನ್ನಿನ ಬೆಂಕಿಯ ಕಾವಿನಿಂದ ಅದರ ಹಿಂಭಾಗದ ತಗಡುಗಳು ಹೊಂಬಣ್ಣ, ಕಂದು, ನೇರಿಳೆ, ನೀಲಿಯಾಗಿ ಮಾರ್ಪಡುತ್ತಿದ್ದುವು. ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಈ ಬಣ್ಣಗಳು ಹೊಸವಲ್ಲ. ಹದಕ್ಕೆ ಕಾಸಿದ ಉಕ್ಕು ಸುಮಾರು ೨೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಬಣ್ಣಕ್ಕೂ ೩೦೦ರ ಹತ್ತಿರ ನೀಲಿಗೂ ತಿರುಗುತ್ತದೆ. ಅಲ್ಲಿ ಬಣ್ಣವೆಂಬ ಪದಾರ್ಥವೇನೂ ಇಲ್ಲ. ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಪೊರೆಯೊಂದು ಬೆಳಕಿನೊಡನೆ ಆಡುವ ಆಟವದು. ನೀರಿನ ಮೇಲೆ ಬಿದ್ದ ಎಣ್ಣೆಯಲ್ಲಿ ಕಾಣುವಂಥದೇ. ಮಾದರಿಗಾರನು ತಿಳಿಯಾದ ನೀಲಿ, ನೇರಿಳೆ, ಹಳದಿಗಳನ್ನು ಒಂದರ ಮೇಲೊಂದು ಚಿಮುಕಿಸಿ ಇದನ್ನು ತರುತ್ತಾನೆ. ಕೆಲಸವು ಮೋಹಕ, ಆದ್ದರಿಂದಲೇ ಅಪಾಯ. ಸ್ಪರ್ಧೆಯ ಮೇಜಿನ ಮೇಲೆ ನೂರು ಮಾದರಿಗಳ ನಡುವೆ ಕಣ್ಣನ್ನು ಸೆಳೆಯಬೇಕೆಂಬ ಆಸೆಯಿಂದ ಬಾಲವನ್ನು ನವಿಲುಗರಿಯಾಗಿ ಮಾಡಿದವರು ಬಹಳ. ಮೆಚ್ಚುವವರೂ ಬಹಳ. ಇಲ್ಲಿ ಯಾರೂ ಗಿಲೀಟನ್ನು ಚಿನ್ನವೆಂದು ಮಾರಲಿಲ್ಲ. ಯಾರ ಹಣವೂ ಹೋಗಲಿಲ್ಲ. ಆದರೂ ತಪ್ಪು ನಡೆಯಿತು. ಆ ತಗಡನ್ನು ಸುಟ್ಟದ್ದು ಬೆಂಕಿ. ಎಷ್ಟು ಸುಟ್ಟಿತೆಂಬುದನ್ನು ಹೇಳುವ ಅಧಿಕಾರವೂ ಬೆಂಕಿಯದೇ ಆಗಿತ್ತು. ಅದನ್ನು ತನ್ನ ಮೆಚ್ಚುಗೆಗಾಗಿ ಹೆಚ್ಚುಮಾಡಿದವನು ವಸ್ತುವಿನ ಬಾಯಲ್ಲಿ ಅದು ಆಡದ ಮಾತನ್ನು ಆಡಿಸಿದನು. ಸಾಕ್ಷಿಯು ನ್ಯಾಯಸ್ಥಾನದಲ್ಲಿ ಇದ್ದುದಕ್ಕೆ ಒಂದಿಷ್ಟು ಸೇರಿಸಿ ಹೇಳಿದರೆ ಹೇಗೋ ಹಾಗೆಯೇ ಇದೂ. ಪರಿಣಾಮವು ಸಣ್ಣದು, ಜಾತಿಯು ಬೇರೆಯಲ್ಲ.

ಹೆಚ್ಚುಮಾಡುವುದು ಒಂದು ಬಗೆಯಾದರೆ ಕಡಮೆಮಾಡುವುದು ಮತ್ತೊಂದು ಬಗೆ. ಇದು ಮೊದಲಿನದಕ್ಕಿಂತ ಗುರುತರವಾದುದು. ಈ ವಿಮಾನಗಳು ಏಕೆ ಬೆಳ್ಳಿಯಂತಿದ್ದುವು? ಚೆಲುವಿಗಾಗಿ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರ ಆರಂಭದ ಹೊತ್ತಿಗೆ, ಅಮೆರಿಕದವರು ವಿಮಾನಗಳಿಗೆ ಮರೆಬಣ್ಣ ಬಳಿಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಬಣ್ಣದ ತೂಕ ಉಳಿಯುತ್ತಿತ್ತು, ಕಾರ್ಖಾನೆಯಲ್ಲಿ ಹೊತ್ತು ಉಳಿಯುತ್ತಿತ್ತು. ಆಕಾಶವು ತಮ್ಮ ವಶವಾಗುತ್ತ ಬಂದುದರಿಂದ ಅಡಗಬೇಕಾದ ಅಗತ್ಯವೂ ಕಡಮೆಯಾಗಿತ್ತು. ಬೆಳ್ಳಿಯ ಮೈಯೆಂದರೆ ಅಡಗಲೊಲ್ಲದ ಬಲದ ಗುರುತು. ಮುಂದೆ ವಿಯೆಟ್ನಾಮಿನಲ್ಲಿ, ೧೯೬೦ರ ದಶಕದ ಮಧ್ಯದಲ್ಲಿ, ಎಫ್-೧೦೦ಗಳಿಗೆ ಹಸುರು ಕಂದುಗಳ ಹೊದಿಕೆಯು ಬಂದಿತು. ಅವು ಅಲ್ಲಿ ಸುರಿದುದು ಬಾಂಬನ್ನು, ನೇಪಾಮೆಂಬ ಬೆಂಕಿಯನ್ನು. ಸೇಬರಿನ ಮೂತಿಯ ಎರಡು ಪಕ್ಕಗಳಲ್ಲಿ ಮೂರು ಮೂರರಂತೆ ಆರು ಕೋವಿಗಳ ಬಾಯಿಗಳಿವೆ. ಅವು ಉರಿದ ಮೇಲೆ ಸುತ್ತಲಿನ ತಗಡಿಗೆ ಹೊಗೆಯ ಮಸಿ ಹಿಡಿಯುತ್ತದೆ. ಮಿರಮಿರನೆ ಮಿಂಚುವ ಮೈಯ ಮೇಲೆ ಈ ಮಸಿಯು ಅಂದಗೇಡು; ಬಿಟ್ಟುಬಿಡೋಣವೆಂದು ಮಾದರಿಗಾರನಿಗೆ ತೋರುವುದು ಸಹಜ.

ಈ ಮಸಿಯ ಪ್ರಶ್ನೆಯು ಮೇಜಿನ ಮೇಲಿನ ಆಟಿಕೆಗೆ ಮಾತ್ರ ಸೇರಿದುದಲ್ಲ. ೧೯೪೫ನೆಯ ಆಗಸ್ಟ್ ೬ರಂದು ಹಿರೋಷಿಮದ ಮೇಲೆ ಪರಮಾಣು ಬಾಂಬನ್ನು ಹಾಕಿದ ‘ಎನೋಲ ಗೇ’ ಎಂಬ ವಿಮಾನವು ಜೆಟ್ಟಲ್ಲ, ನಾಲ್ಕು ಪಂಕಗಳ ಬಿ-೨೯. ಆದರೆ ಅದರದೂ ಬೆಳ್ಳಿಯ ಮೈಯೇ. ಬಹುಕಾಲ ಬಿಡಿಬಿಡಿಯಾಗಿ ಬಿದ್ದಿದ್ದ ಅದನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು ೧೯೮೪ರಿಂದ ವರ್ಷಗಟ್ಟಲೆ ದುಡಿದು ಸರಿಪಡಿಸಿದರು. ಮೈಯನ್ನು ಉಜ್ಜಿ ಹೊಳೆಯಿಸಿದರು. ೧೯೯೫ರಲ್ಲಿ ಅದರ ಮುಂಭಾಗವನ್ನು ತೋರಿಸುವಾಗ, ಬಾಂಬು ನೆಲದ ಮೇಲೆ ಮಾಡಿದುದನ್ನೂ ಜೊತೆಯಲ್ಲಿ ತೋರಿಸಬೇಕೆಂದಿದ್ದ ಪ್ರದರ್ಶನವು ಮಾಜಿ ಸೈನಿಕರ ಸಂಘಗಳ ಮತ್ತು ರಾಜಕಾರಣಿಗಳ ವಿರೋಧದಿಂದ ಕೈಬಿಟ್ಟುಹೋಯಿತು. ೨೦೦೩ರಿಂದ ಇಡೀ ವಿಮಾನವು ವರ್ಜೀನಿಯದ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಅದು ಅನುಕರಣವಲ್ಲ, ಮೂಲವೇ. ಅದರ ಒಂದೊಂದು ರಿವೆಟ್ಟೂ ನಿಜವಾದುದು. ಆದರೂ ಆ ಮೈಯ ಹೊಳಪು ಪೂರ್ತಿ ಸತ್ಯವನ್ನು ಹೇಳುತ್ತದೆಯೆ ಎಂದು ಕೇಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಆರಂಗುಲದ ಪ್ಲಾಸ್ಟಿಕ್ಕಿನ ಮೇಲೆ ಒಂದು ಚುಕ್ಕೆ ಮಸಿಯನ್ನು ಇಟ್ಟವನ ಕೆಲಸದಲ್ಲಿ ಆ ಪ್ರಶ್ನೆಗೆ ಸ್ವಲ್ಪಮಟ್ಟಿಗಾದರೂ ಉತ್ತರ ದೊರೆಯುತ್ತದೆ. ನೂರಕ್ಕೆ ನೂರು ಪಾಲು ನಿಜವಾದ ಲೋಹವು ಅದನ್ನು ಕೊಡದೆ ಇರಬಹುದು.

ಮಸಿಯನ್ನು ಬಳಿಯದ ಮಾದರಿಯೆಲ್ಲವೂ ಸುಳ್ಳೆಂದು ಇದರಿಂದ ಹೇಳಬಾರದು. ಕಾರ್ಖಾನೆಯಿಂದ ಹೊರಬಂದ ದಿನದ ಸೇಬರಿಗೆ ಮಸಿಯಿರಲಿಲ್ಲ. ಪಯಣ ಮುಗಿದ ಮೇಲೆ ನೆಲದಾಳುಗಳು ಒರಸಿ ತೊಳೆದ ಸೇಬರಿಗೂ ಹೆಚ್ಚಾಗಿ ಇರಲಿಲ್ಲ. ಆ ದಿನವನ್ನೇ ಆರಿಸಿಕೊಂಡೆನೆಂದು ಮಾದರಿಗಾರನು ಹೇಳಿದರೆ ಅವನ ಮಾತು ನಿಲ್ಲುತ್ತದೆ. ಆದರೆ ಆಗ ಅದೇ ವಿಮಾನದ ಪಕ್ಕದಲ್ಲಿ, ಹೊಡೆದುರುಳಿಸಿದ ಶತ್ರುವಿಮಾನಗಳ ಲೆಕ್ಕಕ್ಕೆಂದು ಬರೆದ ಕೆಂಪು ನಕ್ಷತ್ರಗಳ ಸಾಲನ್ನು ಅವನು ಬಳಿಯುವಂತಿಲ್ಲ. ನಕ್ಷತ್ರಗಳು ಬೇಕು, ಮಸಿ ಬೇಡವೆಂದರೆ ಅವನು ಯಾವ ದಿನವನ್ನು ಆರಿಸಿಕೊಂಡನೆಂದು ಕೇಳುವ ಹಕ್ಕು ನೋಡುವವರಿಗೆ ಉಂಟು.